ಛತ್ರದ ಕಂಪ್ಯೂಟರಿಗೆ ಮೀನೋ, ಆನೆಯೋ

ನಂಜನಗೂಡಿನಲ್ಲಿ ನಮ್ಮ ಯಜಮಾನರ ಮನೆತನದವರು ನಡೆಸುವ ಒಂದು ಮದುವೆ ಛತ್ರವಿದೆ. ಮೇಲೆ ಮದುವೆ ಹಾಲ್, ಕೆಳಗೆ ಊಟದ ಮನೆ, ಹಿಂದೆ ಬೀಗರಿಗೆ ಕೋಣೆಗಳು, ಪಕ್ಕದಲ್ಲಿ ಪಾತ್ರೆಗಳ ಉಗ್ರಾಣ. ಎರಡು ಸಾವಿರದ ಇಸವಿ ದಾಟಿದ ಮೇಲೆ ಊರಿಗೆಲ್ಲ ಕಂಪ್ಯೂಟರ್ ಬಂತು, ಛತ್ರಕ್ಕೂ ಬರಲಿ ಎಂದು ತೀರ್ಮಾನವಾಯಿತು. ಯಜಮಾನರು ಆಗ ಕಂಪ್ಯೂಟರ್ ತರಗತಿ ನಡೆಸುತ್ತಿದ್ದರು. ಬುಕಿಂಗ್ ಸಾಫ್ಟ್‌ವೇರ್ ತಾವೇ ಬರೆಯುವುದಾಗಿ ಒಪ್ಪಿಕೊಂಡರು. ಮನೆಯಲ್ಲಿ ಕೆಟ್ಟು ಕೂತಿದ್ದ ಮಿಕ್ಸಿಯ ರಿಪೇರಿಗೆ ಒಪ್ಪಿಕೊಂಡಿದ್ದರೆ ನಾನು ಅವತ್ತೇ ನಂಜುಂಡೇಶ್ವರನಿಗೆ ತುಪ್ಪದ ದೀಪ ಹಚ್ಚುತ್ತಿದ್ದೆ.

ಸಾಫ್ಟ್‌ವೇರ್ ಅಂಗಡಿಯ ಮುಂಭಾಗವಾದರೆ ಡೇಟಾಬೇಸ್ ಹಿಂದಿನ ಉಗ್ರಾಣ, ಬರೆದದ್ದೆಲ್ಲ ಅಲ್ಲಿ ಹೋಗಿ ಕೂರುತ್ತದೆ ಎಂದು ಅವರು ನನಗೆ ತಿಳಿಸಿದ್ದರು. ಬೆಲೆ ತೆತ್ತು ತರುವ ಉಗ್ರಾಣ ಛತ್ರದ ಕೈಗೆ ಎಟುಕುವಂತಿರಲಿಲ್ಲ. ಅದರದೇ ಕಳ್ಳ ಸಿ.ಡಿ. ಮೈಸೂರಿನಲ್ಲಿ ಸಿಗುತ್ತಿತ್ತು. ಛತ್ರದ ಉಸ್ತುವಾರಿ ದೊಡ್ಡಮಾವನದು. ಅವರು ಯಜಮಾನರ ದೊಡ್ಡಪ್ಪ, ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದವರು. ಕಳ್ಳಮಾಲು ಕೂಡದು ಎಂದುಬಿಟ್ಟರು. ಉಳಿದದ್ದು ಓಪನ್ ಸೋರ್ಸ್. ಬರೆದವರೇ ಎಲ್ಲರಿಗೂ ತೆರೆದಿಟ್ಟದ್ದು, ಯಾರು ಬೇಕಾದರೂ ಬಳಸಬಹುದು, ಒಳಗೆ ಕೈಹಾಕಿ ತಿದ್ದಲೂಬಹುದು.

"ದಾಸೋಹ ಇದ್ದಂಗೆ ಅನ್ನು," ಎಂದು ದೊಡ್ಡಮಾವ ಮೆಚ್ಚಿದರು.

ಅಂಥವು ಎರಡಿದ್ದವು. ಚುನಾವಣೆಯ ಹಾಗೆ ಒಂದೊಂದಕ್ಕೂ ಒಂದೊಂದು ಗುರುತು. ಒಂದರದು ಮೀನಿನಂಥ ಪ್ರಾಣಿ, ಇನ್ನೊಂದರದು ಆನೆ. ಯಜಮಾನರ ಮನಸ್ಸು ಮೀನಿನ ಮೇಲಿತ್ತು. ಹಳೇ ಕಂಪ್ಯೂಟರಿನಲ್ಲೂ ಚುರುಕಾಗಿ ಓಡುತ್ತದೆ, ಕಲಿಸುವ ಪುಸ್ತಕ ಮೈಸೂರಿನಲ್ಲೇ ಸಿಗುತ್ತದೆ ಎಂಬುದು ಅವರ ಲೆಕ್ಕಾಚಾರ.

"ಮೀನಾ?" ದೊಡ್ಡಮಾವ ಎದ್ದೇ ನಿಂತರು. "ನಮ್ ಛತ್ರದಾಗೆ ಈರುಳ್ಳಿನೇ ಬಾಗ್ಲಾಚೆ ಎಚ್ಚಿಸ್ತೀವಿ. ಮೀನ್ ತತ್ತೀಯೇನ್ಲಾ?"

"ಅದು ಮೀನಲ್ಲ ದೊಡ್ಡಪ್ಪ. ಮರಿಗೆ ಹಾಲು ಕುಡ್ಸೋ ಪ್ರಾಣಿ."

"ಆಲ್ ಕುಡ್ಸುದ್ರೇನು, ಇರಾದು ನೀರಾಗೆ ತಾನೆ? ಆನೆ ಆಕು. ಗಣಪತಿ ಅವ್ನೆ, ವಿಘ್ನ ಬರಕಿಲ್ಲ."

"ಆನೆಗೆ ಈ ಡಬ್ಬ ಕಂಪ್ಯೂಟರ್ ಸಾಲಲ್ಲ ದೊಡ್ಡಪ್ಪ."

ಹೀಗೆ ವಾರಗಟ್ಟಲೆ ನಡೆಯಿತು. ದೇವಿಯ ಹತ್ತಿರ ಹೂಪ್ರಸಾದ ಕೇಳಿಬಿಡೋಣ, ಬಲಗಡೆ ಬಿದ್ದರೆ ಮೀನು, ಎಡಗಡೆ ಬಿದ್ದರೆ ಆನೆ ಎಂದೆ. ಯಜಮಾನರು ನನ್ನನ್ನು ನೋಡಿದ ನೋಟಕ್ಕೆ ಹೂವೇ ಬಾಡುತ್ತಿತ್ತು. ಕೊನೆಗೆ ಅದರ ಚಿತ್ರ ಪರದೆಯ ಮೇಲೆ ಎಲ್ಲೂ ಕಾಣಿಸಬಾರದು ಎಂಬ ಷರತ್ತಿನ ಮೇಲೆ ಮೀನು ಒಳಗೆ ಬಂತು. ಸಸ್ಯಾಹಾರವೋ ಮಾಂಸಾಹಾರವೋ ಎಂದು ಇಷ್ಟು ಚರ್ಚಿಸಿದ ನಾವು, ಬರೆಯುವಾಗ ಕರೆಂಟ್ ಹೋದರೆ ಏನು ಗತಿ ಎಂದು ಒಬ್ಬರೂ ಕೇಳಲಿಲ್ಲ. ನಮ್ಮೂರಿನಲ್ಲಿ ಕರೆಂಟ್ ಹೋಗದ ದಿನವಿತ್ತೇ, ಶಿವನೇ!

ಹೊಸ ಸಾಫ್ಟ್‌ವೇರಿಗೆ ಮೊದಲ ಬುಕಿಂಗ್ ನಮ್ಮ ಮನೆಯ ಶುಭಕಾರ್ಯದ್ದೇ ಆಗಬೇಕೆಂದು ದೊಡ್ಡಮಾವ ಪಟ್ಟು ಹಿಡಿದರು. ನನ್ನ ನಾದಿನಿಗೆ ಗಂಡು ಗೊತ್ತಾಗಿತ್ತು. ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತ, ಅದು ಬಿಟ್ಟರೆ ಗಂಡಿನ ಕಡೆಯವರು ಕಾಯುವವರಲ್ಲ. ರಾಹುಕಾಲ ಕಳೆದ ಮೇಲೆ ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಹೂ ಮುಡಿಸಿ, ಕಾಯಿ ಒಡೆದೆವು. ಯು.ಪಿ.ಎಸ್. ಒಂದಿತ್ತು, ಆದರೆ ಅದಕ್ಕೆ ಚುಚ್ಚಿದ್ದು ಮೈಕ್‌ಸೆಟ್ಟನ್ನು. ದೊಡ್ಡಮಾವನ ಭಾಷಣ ನಡುವೆ ನಿಲ್ಲಬಾರದಲ್ಲ! ಒಂದು ಬುಕಿಂಗಿಗೆ ಹಾಲ್, ಊಟದ ಮನೆ, ಕೋಣೆ, ಪಾತ್ರೆ ಎಂದು ನಾಲ್ಕು ಪುಟ. ಯಜಮಾನರು ಮದುವೆ ಹಾಲ್‌ನ ಪುಟ ತುಂಬಿಸಿ ಊಟದ ಮನೆಯ ಪುಟಕ್ಕೆ ಬಂದಿದ್ದರು, ಕರೆಂಟ್ ಹೋಯಿತು. ಭಾಷಣ ಮಾತ್ರ ಹೋಗಲಿಲ್ಲ. ಕರೆಂಟ್ ಬಂದ ಮೇಲೆ ತೆರೆದು ನೋಡಿದರೆ ಮುಹೂರ್ತದ ದಿನ ಮದುವೆ ಹಾಲ್‌ನ ಮುಂದೆ ಬುಕ್ ಆದ ಕೆಂಪು ಗುರುತು ಕೂತಿತ್ತು. ಎಲ್ಲ ಸರಿಯಾಗಿದೆ ಎಂದು ಸಜ್ಜಿಗೆ ತಿಂದು ಮನೆಗೆ ಬಂದೆವು.

ಮದುವೆಗೆ ಕೆಲವು ವಾರ ಇದ್ದಾಗ ನಾನು ತವರಿಗೆಂದು ತಿ. ನರಸೀಪುರದ ಬಸ್ ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು, ಅದೇ ಒಂದು ಉಪಕಾರ. ಪಕ್ಕದಲ್ಲಿ ಸೋಸಲೆಯ ಅಜ್ಜಿಯೊಬ್ಬರು ಮಾತಿಗೆ ಸಿಕ್ಕರು. ಮೊಮ್ಮಗನ ನಾಮಕರಣ, ನಂಜನಗೂಡಿನ ಛತ್ರದಲ್ಲಿ, ಬರಬೇಕು ಎಂದರು. ಹೇಳಿದ ಛತ್ರ ನಮ್ಮದೇ. ಹೇಳಿದ ದಿನವೂ ನಮ್ಮದೇ.

"ಅವತ್ತು ಅಲ್ಲಿ ಮದುವೆ ಇದೆ ಕಣಮ್ಮ," ಎಂದೆ.

"ಮದ್ವೆ ಮ್ಯಾಲಂತೆ ಕಣವ್ವ, ಊಟದ್ ಮನೆ ನಮ್ದು. ಮನ್ಸ ಏಳಿದ್ರೆ ನಾ ನಂಬ್ತಿರ್ನಿಲ್ಲ, ಕಂಪ್ಯೂಟ್ರೇ ಕೊಟ್ಟದೆ!"

ನರಸೀಪುರದಲ್ಲಿ ಇಳಿದವಳೇ ತವರಿನ ಕಡೆ ತಿರುಗಿಯೂ ನೋಡದೆ ವಾಪಸ್ ಬಸ್ ಹಿಡಿದೆ. ಬಸ್ಸಿನಲ್ಲೇ ತಿಳಿಯಿತಲ್ಲ, ಧಾರೆಯ ಹೊತ್ತಿಗೆ ತಿಳಿಯಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಕೈಮುಗಿದೆ.

ಯಜಮಾನರು ಕಂಪ್ಯೂಟರ್ ತೆಗೆದು ನೋಡಿ ಹಣೆ ಹಿಡಿದುಕೊಂಡರು. ಅವರ ಸಾಫ್ಟ್‌ವೇರ್ ಒಂದೊಂದು ಪುಟವನ್ನೂ ಬೇರೆಬೇರೆಯಾಗಿ ಉಗ್ರಾಣಕ್ಕೆ ಹಾಕುತ್ತಿತ್ತು. ಹಾಲ್ ಒಳಗೆ ಹೋಗಿತ್ತು. ಊಟದ ಮನೆ, ಕೋಣೆ, ಪಾತ್ರೆ ಹೊರಗೇ ಉಳಿದಿದ್ದವು.

"ಅಣ್ಣಾ," ನಾದಿನಿ ಕಂಪ್ಯೂಟರಿಗೂ ಅವರಿಗೂ ನಡುವೆ ಬಂದು ನಿಂತಳು. "ನಾನು ತಾಳಿ ಕಟ್ಟಿಸ್ಕೊಂಡು ಬೀಗರನ್ನ ಊಟಕ್ಕೆ ಬಸ್‌ಸ್ಟ್ಯಾಂಡ್ ಹೋಟ್ಲಿಗೆ ಕರ್ಕೊಂಡ್ ಹೋಗ್ಲಾ? ಅವರಮ್ಮ ಈಗ್ಲೇ ಹೆಣ್ಣಿನ ಕಡೆಯೋರ್ದು ಅರ್ಧಂಬರ್ಧ ಅಂತಾರೆ."

"ರಸೀದಿ ಕೊಟ್ಟಾಗದೆ. ಕೊಟ್ ಮಾತ ಕಿತ್ಕೊಳ್ಳಕ್ಕಾಯ್ತದಾ?" ಎಂದರು ದೊಡ್ಡಮಾವ. ಆ ಮಾತು ತಪ್ಪಲ್ಲ, ಅದೇ ಕಷ್ಟ.

ನಾನೂ ನಾದಿನಿಯೂ ತೆಂಗಿನಕಾಯಿ, ಹೂ ಹಿಡಿದು ಸೋಸಲೆಗೆ ಹೋದೆವು. ಅಜ್ಜಿ ಎಲ್ಲ ಕೇಳಿಸಿಕೊಂಡು ನಾದಿನಿಯನ್ನು ಮೇಲಿನಿಂದ ಕೆಳಗೆ ನೋಡಿದರು. "ಬೆಳಿಗ್ಗೆ ನೀವು ಉಣ್ರಿ. ನಾವು ಸಂಜೆಗ್ ಮಾಡ್ಕತೀವಿ. ಆದ್ರೆ ಕೂಸ್ನ ತೊಟ್ಲಿಗೆ ಮದುಮಗ್ಳೇ ಆಕ್ಬೇಕು. ಒಪ್ತೀಯಾ?" ನಾದಿನಿ ಅಲ್ಲೇ ಅವರ ಕಾಲಿಗೆ ಬಿದ್ದಳು.

ಊಟ ಸಿಕ್ಕಿತು, ಆದರೆ ನಂಬಿಕೆ ಸಿಗಲಿಲ್ಲ. ಕೋಣೆಯನ್ನೂ ಪಾತ್ರೆಯನ್ನೂ ಆ ಪೆಟ್ಟಿಗೆಗೆ ಮತ್ತೆ ಬರೆಸಲು ನಾದಿನಿ ಒಪ್ಪಲೇ ಇಲ್ಲ. ಯಜಮಾನರು ಆನೆಯನ್ನು ತಂದು ಕೂರಿಸಿದರು. ಅದರಲ್ಲಿ ನಾಲ್ಕೂ ಪುಟವನ್ನು ಒಂದೇ ಗಂಟು ಮಾಡಿದ್ದರು. ಗಂಟು ಬಿಗಿದರೆ ನಾಲ್ಕೂ ಉಂಟು, ಬಿಗಿಯುವ ಮೊದಲೇ ಏನಾದರೂ ಆದರೆ ಒಂದೂ ಇಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಮೀನಿನಲ್ಲೂ ಗಂಟು ಕಟ್ಟುವ ಅನುಕೂಲ ಇತ್ತಂತೆ. ಉಗ್ರಾಣದೊಳಗೆ ಬೇರೆ ಬಗೆಯ ಕಪಾಟು, ಅವರ ಭಾಷೆಯಲ್ಲಿ ಟೇಬಲ್, ಆರಿಸಿಕೊಳ್ಳಬೇಕಿತ್ತು, ಇವರು ಚುರುಕಾಗಿದೆ ಎಂದು ಕೈಗೆ ಸಿಕ್ಕಿದ್ದನ್ನೇ ಬಳಸಿದ್ದರು.

"ಬಾಯಲ್ಲಿ ಹೇಳ್ಬೇಡ. ನೀನು ಬರೀತಾ ಇರು," ಎಂದು ನಾದಿನಿ ಛತ್ರದ ಮೇನ್ ಸ್ವಿಚ್ಚಿನ ಹತ್ತಿರ ಹೋಗಿ ನಿಂತಳು. ಯು.ಪಿ.ಎಸ್. ಪಕ್ಕಕ್ಕಿಡಿಸಿದ್ದಳು. ಅಣ್ಣ ಎರಡನೇ ಪುಟಕ್ಕೆ ಬಂದಾಗ ಟಪ್ ಎಂದು ಆರಿಸಿದಳು. ಮತ್ತೆ ಹಾಕಿ ನೋಡಿದರೆ ಆ ಬುಕಿಂಗಿನ ಸುಳಿವೇ ಇಲ್ಲ. ಮೂರನೇ ಪುಟಕ್ಕೆ ಆರಿಸಿದಳು, ಆಗಲೂ ಇಲ್ಲ. ಪೂರ್ತಿ ಬರೆದು ಮುಗಿಸಿದ ಮೇಲೆ ಆರಿಸಿದಳು. ಈ ಸಲ ನಾಲ್ಕೂ ಭದ್ರವಾಗಿ ಕೂತಿದ್ದವು.

"ಮಿಷನ್ ಸತ್ತೋಗುತ್ತೆ ಕಣೇ!"

"ಈಗ್ಲೇ ಸಾಯ್ಲಿ. ನನ್ ಮದುವೆ ದಿನ ಸಾಯೋದ್ ಬೇಡ."

ಆನೆ ನಿಧಾನವೇ. ಯಜಮಾನರು ಹೇಳಿದ್ದು ಸುಳ್ಳಲ್ಲ; ಒಂದು ಬುಕಿಂಗ್ ತೆರೆಯುವಷ್ಟರಲ್ಲಿ ನಾನು ಮೊಳ ಹೂ ಕಟ್ಟಿರುತ್ತಿದ್ದೆ. ಆದರೂ ಛತ್ರದಲ್ಲಿ ಅದೇ ಉಳಿಯಿತು. ನಾದಿನಿ ಸ್ವಿಚ್ಚಿನ ಪಕ್ಕ ನಿಂತು ಆರಿಸಿದ್ದು ಅದನ್ನು.

ಮದುವೆ ನಡೆಯಿತು, ಬೀಗರು ಹೋಳಿಗೆ ಎರಡೆರಡು ಸಲ ಹಾಕಿಸಿಕೊಂಡು ಬಾಯಿ ಮುಚ್ಚಿಕೊಂಡು ಉಂಡರು. ಸಂಜೆ ಅದೇ ಊಟದ ಮನೆಯಲ್ಲಿ ತೊಟ್ಟಿಲು ಕಟ್ಟಿದರು. ಮದುಮಗಳು ಕೂಸನ್ನು ಎತ್ತಿಕೊಂಡದ್ದೇ ತಡ, ಅದು ಧಾರೆ ಸೀರೆಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿತು.

"ಒಳ್ಳೆ ಸಕುನ ಕಣವ್ವ," ಅಜ್ಜಿ ನಕ್ಕರು. "ವರ್ಸ ತುಂಬೂದ್ರೊಳ್ಗೆ ನೀನೂ ಇಲ್ಗೇ ಬತ್ತೀಯ, ನಾಮಕರ್ಣಕ್ಕೆ."

ನಾದಿನಿ ಸೆರಗು ಹಿಂಡುತ್ತ ಅಣ್ಣನ ಕಡೆ ತಿರುಗಿದಳು. "ಬಂದ್ರೆ, ಊಟದ ಮನೆ ಮೊದ್ಲು ಬರ್ಕೊ."