ಹೋಗಲು ಆರು ಗಂಟೆ, ಬರಲು ಎರಡು

ಭೂಗೋಲದ ಮೇಲೆ ಮದ್ರಾಸಿನ ಚುಕ್ಕೆಯಿಂದ ಸಿಂಗಪುರದ ಚುಕ್ಕೆಯವರೆಗೆ ಎಳೆದು ಕತ್ತರಿಸಿದ ಹಸಿರು ದಾರವನ್ನು ಭೂಮಧ್ಯರೇಖೆಯ ಮೇಲಿಟ್ಟಾಗ ಅದು ಇಪ್ಪತ್ತಾರು ಡಿಗ್ರಿ ಉದ್ದವಿತ್ತು. ಡಿಗ್ರಿಗೆ ನೂರಹನ್ನೊಂದು ಕಿಲೋಮೀಟರ್. ಒಟ್ಟು ಎರಡು ಸಾವಿರದ ಒಂಬೈನೂರಕ್ಕೆ ತುಸು ಕಡಿಮೆ. ಕಾಲೇಜಿನ ಗೋಲ ಹಳೆಯದಾದ್ದರಿಂದ ಎರಡು ಸಲ ಅಳೆದೆ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ಭೂಗೋಳದಲ್ಲಿ ಎಂ.ಎ. ಓದುತ್ತಿದ್ದೆ. ಸಿಂಗಪುರದಲ್ಲಿದ್ದ ಅಕ್ಕನ ಚೊಚ್ಚಲ ಹೆರಿಗೆಗೆ ಇನ್ನು ಮೂರು ತಿಂಗಳಿತ್ತು. ಬಾಣಂತನಕ್ಕೆ ಹೋಗಬೇಕೆಂದು ಅಮ್ಮನಿಗೆ ಆಸೆ. ಆದರೆ ಹಿಂದಿನ ವರ್ಷ ಅವಳ ತೊಡೆಯ ಮೂಳೆ ಮುರಿದಿತ್ತು. ಒಂದೇ ಸಮನೆ ಐದು ಗಂಟೆಗಿಂತ ಹೆಚ್ಚು ಕೂರಬಾರದೆಂದು ಡಾಕ್ಟರು ಹೇಳಿದ್ದರು. ರೈಲಾದರೆ ಮಲಗಿಕೊಂಡು ಹೋಗಬಹುದಿತ್ತು, ಆದರೆ ಸಿಂಗಪುರಕ್ಕೆ ವಿಮಾನವೇ ಗತಿ. ಅಪ್ಪ ವಿಮಾನದ ವೇಳಾಪಟ್ಟಿ ತಂದು ನೋಡಿದರು. ಮದ್ರಾಸು ಬೆಳಿಗ್ಗೆ ಒಂಬತ್ತು, ಸಿಂಗಪುರ ಮಧ್ಯಾಹ್ನ ಮೂರು.

"ಆರು ಗಂಟೆ. ಆಗೋದಿಲ್ಲ," ಎಂದರು.

ಅಮ್ಮ ಲೇಹ್ಯಕ್ಕೆಂದು ಒಣಗಿಸಿದ್ದ ಶುಂಠಿಯನ್ನು ಡಬ್ಬಿಗೆ ತುಂಬಿ, ಹೋಗುವವರು ಯಾರಾದರೂ ಸಿಕ್ಕರೆ ಕಳಿಸೋಣ ಎಂದಳು.

ನನಗೆ ಆ ಲೆಕ್ಕ ಸರಿಕಾಣಲಿಲ್ಲ. ಜೆಟ್ ವಿಮಾನ ಗಂಟೆಗೆ ಎಂಟುನೂರು ಕಿಲೋಮೀಟರಾದರೂ ಹೋಗುತ್ತದೆ. ದಾರದ ಪ್ರಕಾರ ನಾಲ್ಕು ಗಂಟೆ ಸಾಕು. ಉಳಿದೆರಡು ಗಂಟೆ ಅದು ಎಲ್ಲಿರುತ್ತದೆ? ಗೋಲವನ್ನು ನಿಧಾನವಾಗಿ ತಿರುಗಿಸಿದಾಗ ಹೊಳೆಯಿತು. ಸಿಂಗಪುರ ನಮಗಿಂತ ಪೂರ್ವಕ್ಕಿದೆ. ಅಲ್ಲಿ ಮೊದಲು ಬೆಳಗಾಗುತ್ತದೆ. ಪರೀಕ್ಷೆಗೆಂದು ಇಂಥ ಲೆಕ್ಕಗಳನ್ನು ಎಷ್ಟೋ ಮಾಡಿದ್ದರೂ, ಅದು ಮನೆಗೇ ಬಂದಾಗ ನನಗೆ ಗುರುತು ಸಿಕ್ಕಿರಲಿಲ್ಲ.

ಅಪ್ಪ ಮದ್ರಾಸಿನ ಎಗ್ಮೋರ್ ರೈಲ್ವೇ ಸ್ಟೇಷನ್ನಿನಲ್ಲಿ ಮೂವತ್ತು ವರ್ಷದಿಂದ ಕೆಲಸದಲ್ಲಿದ್ದರು. ರೈಲು ಯಾವ ಊರು ಸೇರಿದರೂ ಗಡಿಯಾರ ಒಂದೇ. ಅವರಿಗೆ ನೇರವಾಗಿ ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಸಂಜೆ ವೇಳಾಪಟ್ಟಿಯನ್ನು ಅವರ ಮುಂದಿಟ್ಟೆ.

"ಅಪ್ಪಾ, ವಾಪಸ್ ಬರೋಕೆ ಎಷ್ಟು ಹೊತ್ತು, ನೋಡಿ."

ಅವರು ಬೆರಳಿಟ್ಟು ಓದಿದರು. "ಸಿಂಗಪುರ ಐದು. ಮದ್ರಾಸು ಏಳು. ಎರಡೇ ಗಂಟೆ. ಅಪ್ಪಡಿಯಾ?" ಬೆರಗಾದಾಗ ಅವರಿಗೆ ತಮಿಳೇ ಬರುತ್ತಿತ್ತು.

"ಬರ್ತಾ ಇಳಿಜಾರೇನ್ರೀ?" ಎಂದಳು ಅಮ್ಮ, ಅಡುಗೆಮನೆಯಿಂದ.

"ನೀ ಸುಮ್ನಿರೇ. ಅಚ್ಚಿನ ತಪ್ಪಿರಬೇಕು."

"ಟೈಂಟೇಬಲ್‌ನಲ್ಲಿ ತಪ್ಪೇ ಇರಲ್ಲ ಅಂತಿದ್ರಿ."

"ಅದು ರೈಲ್ವೇದು."

"ಅಲ್ಲಿನ ಗಡಿಯಾರ ಎರಡು ಗಂಟೆ ಮುಂದಿದೆಯೋ ಏನೋ," ಎಂದೆ. "ಹಾಗಾದ್ರೆ ಹೋಗೋಕೂ ನಾಲ್ಕು, ಬರೋಕೂ ನಾಲ್ಕು."

ಅಪ್ಪ ಪೆನ್ಸಿಲ್ ತೆಗೆದು ಆರರಲ್ಲಿ ಎರಡು ಕಳೆದರು, ಎರಡಕ್ಕೆ ಎರಡು ಕೂಡಿಸಿದರು. ಚಪ್ಪಲಿ ಮೆಟ್ಟಿ, ಟಿಕೆಟ್ ಏಜೆಂಟಿಗೆ ಫೋನ್ ಮಾಡಲು ಬೀದಿ ತುದಿಯ ಔಷಧಿ ಅಂಗಡಿಗೆ ಹೋದರು. ಅಮ್ಮ ಒಲೆ ಆರಿಸಿ ಬಾಗಿಲಲ್ಲಿ ಬಂದು ನಿಂತಳು.

"ನಾಲ್ಕೇ ಗಂಟೆಯಂತೆ," ಎಂದರು ಅಪ್ಪ, ಹಿಂದಿರುಗಿ. "ಮಧ್ಯೆ ಎದ್ದು ಓಡಾಡಲೂಬಹುದಂತೆ. ಬೇಕಾದ್ರೆ ಹೋಗು."

"ಬೇಕಾದ್ರೆ ಅಂದ್ರೆ?" ಎಂದಳು ಅಮ್ಮ.

ನನಗೊಂದು ಸಂಶಯ ಉಳಿದೇ ಇತ್ತು. ರೇಖಾಂಶದ ಡಿಗ್ರಿಗೆ ನಾಲ್ಕು ನಿಮಿಷದಂತೆ ಗೋಲದ ಮೇಲೆ ಎರಡು ಊರುಗಳ ಅಂತರ ಒಂದೂವರೆ ಗಂಟೆಯಷ್ಟೇ. ಇನ್ನರ್ಧ ಗಂಟೆಯನ್ನು ಸಿಂಗಪುರ ಎಲ್ಲಿಂದ ತಂದಿತೋ ತಿಳಿಯಲಿಲ್ಲ. ಆ ಸಂಜೆ ಅದನ್ನು ಯಾರ ಮುಂದೆಯೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ತರಗತಿ ತಪ್ಪಿಸಿ, ಅಮ್ಮನನ್ನು ಸೈಕಲ್ ರಿಕ್ಷಾದಲ್ಲಿ ಕೂರಿಸಿಕೊಂಡು ಪಾಸ್‌ಪೋರ್ಟಿನ ಫೋಟೋ ತೆಗೆಸಲು ಹೋದೆ.