ಸಹಿ ಬಲ್ಲವನ ಹೆಬ್ಬೆಟ್ಟು

ತೊಂಬತ್ತರ ದಶಕದಲ್ಲಿ ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ನಮ್ಮ ವಿಭಾಗದವರಿಗೆ ಇತಿಹಾಸವೆಂದರೆ ಕಿತ್ತೂರಿನ ಕೋಟೆ. ಬ್ರಿಟಿಷರು ಹಡಗು ಹತ್ತಿದ ದಿನ ಅದು ಮುಗಿದುಹೋಗುತ್ತಿತ್ತು. ಆಮೇಲಿನದನ್ನು ಕೆದಕುವವನು ನಾನೊಬ್ಬನೇ. ಸ್ವಾತಂತ್ರ್ಯ ಬಂದ ಮೇಲೆ ಹೊಲ ಯಾರ ಪಾಲಾಯಿತು ಎಂಬುದು ನನ್ನ ಪಿಎಚ್.ಡಿ. ವಿಷಯ. ಅದರ ಜಂಬ ಎಷ್ಟಿತ್ತೆಂದು ನೆನೆದರೆ ಈಗ ವಾಕರಿಕೆ ಬರುತ್ತದೆ.

ರಜೆ ಹಾಕಿ ಸವದತ್ತಿ, ರಾಮದುರ್ಗದ ಬಸ್ಸು ಹತ್ತುತ್ತಿದ್ದೆ. ಅಲ್ಲಿನ ಕಚೇರಿಗಳಲ್ಲಿ ಇಲಿ ಹಿಕ್ಕೆ ಕೊಡವಿ, ಉಳುವ ಗೇಣಿದಾರನಿಗೇ ಹೊಲ ಎಂದ ಭೂಸುಧಾರಣೆಯ ಕಾಲದ ಕಡತಗಳನ್ನು ಓದುತ್ತಿದ್ದೆ. ಹಲವು ಕಡತಗಳಲ್ಲಿ ಒಂದೇ ಹೇಳಿಕೆ: ‘ನಾನು ಗೇಣಿದಾರನಲ್ಲ, ಧಣಿಯ ಕೂಲಿಯಾಳು, ಹೊಲದ ಮೇಲೆ ನನಗೆ ಹಕ್ಕಿಲ್ಲ.’ ಕೆಳಗೊಂದು ಹೆಬ್ಬೆಟ್ಟು. ಓದು ಬರಹವಿಲ್ಲದ ರೈತರು ಧಣಿಯ ಮೇಲಿನ ಭಕ್ತಿಯಿಂದ ತಾವಾಗಿಯೇ ಹೊಲ ಬಿಟ್ಟುಕೊಟ್ಟರು ಎಂದು ನಾನು ಒಂದು ಅಧ್ಯಾಯವನ್ನೇ ಬರೆದೆ. ತರಗತಿಯಲ್ಲಿ ಅದನ್ನೇ ಟಿಪ್ಪಣಿಯಾಗಿ ಬರೆಸಿದೆ. ಉದಾಹರಣೆಗೆಂದು ಒಂದು ಊರು, ಒಬ್ಬನ ಹೆಸರು ಓದಿದಾಗ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ಅಂವ ನಮ್ಮ ಅಜ್ಜರಿ. ಅಂವ ಹೆಬ್ಬಟ್ಟ ಒತ್ತೂದಿಲ್ರಿ, ಸಹಿ ಮಾಡತಾನ.”

“ಕುಂದರವ್ವಾ, ಕಾಗದ ಸುಳ್ಳ ಹೇಳೂದಿಲ್ಲ,” ಎಂದೆ. ಹುಡುಗರು ನಕ್ಕರು, ನಾನೂ ನಕ್ಕೆ.

ಮರುವಾರ ಅವಳು ಅಜ್ಜನನ್ನೇ ಕರೆತಂದಳು. ಮುದುಕ ನನ್ನ ಪೆನ್ನು ಇಸಿದುಕೊಂಡು, ಹಾಜರಿ ಪುಸ್ತಕದ ಹಿಂದೆ ತನ್ನ ಹೆಸರನ್ನು ಗುಂಡಾಗಿ ಬರೆದ. “ನಾಕನೇ ಇಯತ್ತೆ ಕಲತೇನ್ರಿ. ಆ ಹೆಬ್ಬಟ್ಟ ನಂದಲ್ಲ. ವರ್ಷಾ ಗೇಣಿ ಅಳದು ಕೊಟ್ಟಾವ ನಾ, ಯಾರ ಮನಿ ಆಳೂ ಅಲ್ಲ. ಹೊಲಾ ಹೋತು, ಹೋಗ್ಲಿ. ನಿಮ್ಮ ಪುಸ್ತಕದಾಗ ಇಷ್ಟ ಬರೀರಿ, ಸಾಕು.”

“ಬರೀತೇನಿ,” ಎಂದೆ. ಆಗ ಮನಸ್ಸಿನಿಂದಲೇ ಹೇಳಿದ್ದೆ.

ನನ್ನ ಮಾರ್ಗದರ್ಶಕರು ನಾನೇ ಒಯ್ದಿದ್ದ ಕರದಂಟು ಮೆಲ್ಲುತ್ತ ಎಲ್ಲ ಕೇಳಿಸಿಕೊಂಡರು. ಬೆರಳಿಗಂಟಿದ ಬೆಲ್ಲವನ್ನು ನನ್ನ ಹಸ್ತಪ್ರತಿಯ ಅಂಚಿಗೇ ಒರೆಸಿ, “ಒಂದು ಹೆಬ್ಬಟ್ಟ ಸುಳ್ಳಂದ್ರ ಉಳದದ್ದೆಲ್ಲಾ ಸುಳ್ಳ ಅಂತಾರ. ಟೈಪ್ ಆಗಿ ಬಂದ ಅಧ್ಯಾಯ ಹರದು ಒಗೀತಿಯೇನ? ಮುದುಕನ ಮಾತು ಆಧಾರ ಆಗೂದಿಲ್ಲ,” ಎಂದರು. ಆ ಮನುಷ್ಯನ ಬಗ್ಗೆ ಹೇಸಿಕೆಯಾಯಿತು. ಆದರೆ ಹೊರಗೆ ಬಂದು ಚಹಾ ಕುಡಿಯುವಾಗ ಹಾಯೆನಿಸಿತು, ಮತ್ತೆ ಬರೆಯುವ ಕೆಲಸ ತಪ್ಪಿತಲ್ಲ ಎಂದು. ಆ ನಿರಾಳವನ್ನು ನೆನೆದಾಗ ಅವರಿಗಿಂತ ನನ್ನ ಮೇಲೇ ಹೆಚ್ಚು ಅಸಹ್ಯ.

ಪದವಿ ಬಂತು. ಕಾಲೇಜಿನಲ್ಲಿ ಶಾಲು ಹೊದಿಸಿ, ನನ್ನ ಸತ್ಯನಿಷ್ಠೆಯ ಬಗ್ಗೆ ಭಾಷಣ ಬಿಗಿದರು. ನಾನು ಹಲ್ಲು ಕಿರಿಯುತ್ತ ಕುಳಿತಿದ್ದೆ. ಕಾರ್ಯಕ್ರಮ ಮುಗಿದಾಗ ಮುದುಕ ಮೊಮ್ಮಗಳ ಜೊತೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಮಡಿಕೆ ಮುರಿಯದ ಹೊಸ ಧೋತರ, ತಲೆಗೆ ರುಮಾಲು.

“ನಂದು ಎಲ್ಲೈತ್ರಿ ಸರ?”

ಬರೆದಿಲ್ಲ ಎನ್ನುವ ಬದಲು, ಇಂಗ್ಲಿಷಿನಲ್ಲಿದ್ದ ನನ್ನ ದಪ್ಪ ಪ್ರಬಂಧ ತೆರೆದು, ಅವನ ಹೆಸರಿದ್ದ ಒಂದೇ ಒಂದು ಸಾಲಿನ ಮೇಲೆ ಬೆರಳಿಟ್ಟೆ. ಓದು ಬರಹವಿಲ್ಲದ ಕೂಲಿಯಾಳು, ತಾನಾಗಿಯೇ ಹಕ್ಕು ಬಿಟ್ಟವನು ಎಂದು ಅಲ್ಲಿತ್ತು. ಮುದುಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮೊಮ್ಮಗಳಿಗೆ ಬರುತ್ತಿತ್ತು.

“ಏನ್ ಬರದಾರ, ಓದವ್ವಾ,” ಎಂದ.

ಅವಳು ಓದಿದಳು. ಮತ್ತೊಮ್ಮೆ ಓದಿದಳು. ತಲೆಯೆತ್ತಿ ನನ್ನ ಮುಖ ನೋಡಿದಳು.

“ನೀ ಹೇಳಿದ್ದನ್ನ ಬರದಾರಜ್ಜಾ,” ಎಂದಳು.

ಮುದುಕ ಆ ಪುಟವನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. “ಸರ್‌ಗೆ ನಮಸ್ಕಾರ ಮಾಡವ್ವಾ, ಕಾಲ ಮುಟ್ಟು,” ಎಂದ.

“ಬಸ್ಸಿನ ಹೊತ್ತಾತು, ನಡಿ,” ಎಂದು ಅವಳು ಅವನ ಕೈಹಿಡಿದು ಹೊರಗೆ ಕರೆದುಕೊಂಡು ಹೋದಳು.