ಮಣ್ಣಾದ ಅಪ್ಪ ಫೋನು ಎತ್ತಿದ

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮಪ್ಪನಿಗೆ ಫೋನ್ ಮಾಡಿದೆ. ರಿಂಗ್ ಆಯಿತು. ಎತ್ತಿದರು.

ಇದರಲ್ಲೇನು ವಿಶೇಷ ಅಂತೀರಾ? ಅಪ್ಪ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

ತಪ್ಪು ನನ್ನ ಬೆರಳಿನದು. ಗಡಹಿಂಗ್ಲಜಕ್ಕೆ ಸೊಸೆಯಾಗಿ ಬಂದಮೇಲೆ ಬೆಳಿಗ್ಗೆ ಹಾಲು ಕಾಯಿಸಿ ಅಪ್ಪನಿಗೊಂದು ಫೋನ್ ಮಾಡುವುದು ರೂಢಿ. ಅವತ್ತು ಹಾಲು ಉಕ್ಕಿತು, ಕಟ್ಟೆ ಒರೆಸಿದೆ, ಬೆರಳು ತಾನಾಗಿ ಆ ಹೆಸರು ಒತ್ತಿತು. (ನಂಬರ್ ಅಳಿಸಿರಲಿಲ್ಲ. ನೀವಾದರೆ ಅಳಿಸುತ್ತೀರಾ?)

ಆದರೆ ಆ ಫೋನು ಇರಬೇಕಾದ ಜಾಗವೇ ಬೇರೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಅಪ್ಪನನ್ನು ಕೂರಿಸಿದ್ದು ನೇಸರಿಯ ನಮ್ಮ ಕಬ್ಬಿನ ಹೊಲದ ಮೂಲೆಯಲ್ಲಿ. ಹೆಂಗಸರು ದೂರ ಬದುವಿನ ಮೇಲೆ ನಿಂತಿದ್ದೆವು. ಒಳಗೆ ಏನಿಟ್ಟರೋ ಕಾಣಿಸಲಿಲ್ಲ. ಅಣ್ಣ ಆಮೇಲೆ ಕಣ್ಣೊರೆಸಿಕೊಳ್ಳುತ್ತ ಹೇಳಿದ್ದ: “ಫೋನಂದ್ರ ಜೀವ ಬಿಡ್ತಿದ್ದ. ಅವನ ತೊಡಿ ಮ್ಯಾಲನ ಇಟ್ಟು ಮಣ್ಣ ಕೊಟ್ಟೀನಿ, ತಂಗಿ.”

ಈಗ ಅದೇ ಫೋನು ಎತ್ತಿದ್ದಾರೆ!

“ಅಪ್ಪಾ?” ಅಂದೆ. ನಗಬೇಡಿ. ಬೇರೆ ಏನನ್ನಬೇಕಿತ್ತು?

ಮಾತಿಲ್ಲ. ಉಸಿರಿತ್ತು. ಉಸಿರಿನ ಹಿಂದೆ ಖಟಖಟ, ಖಟಖಟ ಸದ್ದು. ಕಟ್ ಆಯಿತು. ವಾಟ್ಸಾಪ್ ತೆಗೆದೆ. ತಲೆಗೆ ಪಟಗಾ ಸುತ್ತಿದ ಅಪ್ಪನ ಫೋಟೋ, ಪಕ್ಕದಲ್ಲಿ ‘ಆನ್‌ಲೈನ್’. ನೋಡುತ್ತಿದ್ದಂತೆ ಅದೂ ಆರಿಹೋಯಿತು.

ಮರುದಿನವೇ ಎಸ್‌ಟಿ ಬಸ್ಸು ಹತ್ತಿ ನೇಸರಿಗೆ ಹೋದೆ. ಕಬ್ಬು ಕಡಿದು ಹೊಲ ಬೋಳಾಗಿತ್ತು. ಅಪ್ಪನ ಮೇಲಿನ ಮಣ್ಣು ಯಾರೂ ಮುಟ್ಟಿರಲಿಲ್ಲ, ಹುಲ್ಲು ಬೆಳೆದಿತ್ತು. ಅಲ್ಲಿ ನೆಟ್ಟ ಕಲ್ಲಿಗೆ ವಿಭೂತಿ ಹಚ್ಚುತ್ತಿದ್ದೆ. ಪಕ್ಕದ ಹೊಲದ ಕಾಕಾ ಬಂದರು.

“ನಿಮ್ಮಪ್ಪನ ಕಬ್ಬ ಭಾಳ ಚಲೋ ಬಂದಿತ್ ನೋಡವಾ. ಮೊನ್ನೆ ಸಕ್ಕರಿ ಕಾರಖಾನಿಗೆ ಹೋತು.”

“ಅಪ್ಪನ ಕಬ್ಬ?”

“ಹೌದವಾ, ಅವನ ಹೆಸರಲೇ ನೋಂದ ಐತೆಲ್ಲ. ತೂಕದ ಮೆಸೇಜೂ ಅವನ ಫೋನಿಗೇ ಹೋಗ್ತಾವ. ಸತ್ತ ಮ್ಯಾಲ ಜಾಸ್ತಿ ದುಡ್ಯಾಕತ್ತಾನ ನಿಮ್ಮಪ್ಪ!”

ಕಾಕಾ ನಕ್ಕರು. ನನ್ನ ಕಾಲ ಕೆಳಗೆ ಅಪ್ಪ ಕೂತಿದ್ದ. ನನಗೆ ನಗು ಬರಲಿಲ್ಲ.

ಆ ಖಟಖಟ ಎಲ್ಲಿಯದು ಅಂತ ಆಗ ಹೊಳೆಯಿತು. ಇಚಲಕರಂಜಿ ಪಕ್ಕದ ಯಡ್ರಾವದಲ್ಲಿ ಅಣ್ಣನ ಪವರ್‌ಲೂಮ್‌ಗಳಿವೆ. ಅಪ್ಪ ಏನೇನು ಬಿಟ್ಟುಹೋಗಿದ್ದಾನೆ ಅಂತ ಕೇಳಿದಾಗಲೆಲ್ಲ ಅಣ್ಣನದು ಒಂದೇ ಉತ್ತರ: “ಏನೂ ಇಲ್ಲವಾ.”

ಕೊಲ್ಹಾಪುರದಲ್ಲಿ ನನ್ನ ಗೆಳತಿಯ ಮಗಳು ವಕೀಲೆ. ಅವಳ ಹತ್ತಿರ ಹೋದೆ. ಅವಳು ಮೊಬೈಲಿನಲ್ಲೇ ನಮ್ಮ ಹೊಲದ ಸಾತಬಾರಾ ಉತಾರ, ಅಂದರೆ ಪಹಣಿ, ತೆಗೆದು ತೋರಿಸಿದಳು. ಮಾಲೀಕನ ಜಾಗದಲ್ಲಿ ಇನ್ನೂ ಅಪ್ಪನ ಹೆಸರು. ಅದನ್ನು ತಿದ್ದಬೇಕಾದವನು ತಲಾಠಿ, ನಿಮ್ಮ ಕಡೆಯ ಗ್ರಾಮ ಲೆಕ್ಕಿಗ.

“ತಲಾಠಿಗೆ ಸತ್ತಿದ್ದ ತಿಳಿಸೇ ಇಲ್ರಿ, ಮಾವಶಿ. ತಿಳಿಸಿದ್ರ ವಾರಸರೊಳಗ ನಿಮ್ಮ ಹೆಸರೂ ಬರ್ತೈತೆಲ್ಲ?”

“ಅಣ್ಣ ಏನೂ ಹೇಳೂದಿಲ್ಲಲ್ಲವಾ.”

“ಅವ್ರನ್ಯಾಕ ಕೇಳ್ತೀರಿ? ಉತಾರ ಯಾರ ಬೇಕಾದ್ರೂ ತಗೀಬಹುದು. ಮಗಳಿಗೂ ಮಗನಷ್ಟ ಹಕ್ಕ. ವಾರಸ ನೋಂದಕ್ಕ ನೀವೊಬ್ರ ಅರ್ಜಿ ಕೊಟ್ರೂ ನಡೀತೈತಿ. ಬ್ಯಾಂಕಿನ್ಯಾಗ ನಿಮ್ಮಣ್ಣ ನಾಮಿನಿ ಇದ್ರೂ ಅಷ್ಟಕ್ಕ ರೊಕ್ಕದ ಮಾಲಕ ಆಗೂದಿಲ್ಲ. ಮುಚ್ಚಿಟ್ರ ಕೋರ್ಟ ಕೇಳ್ತೈತಿ.”

ನಾನು ಊರಿಗೆ ಹೋಗಿದ್ದು ಅಣ್ಣನ ಕಿವಿಗೆ ಬಿತ್ತು. ವಾರದೊಳಗೆ ಮನೆಗೆ ಬಂದ. ಕೈಯಲ್ಲಿ ಜರಿ ಸೀರೆ, ತೆಂಗಿನಕಾಯಿ.

ಅದರರ್ಥ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಹಕ್ಕಸೋಡ! ಅಂದರೆ ತವರಿನ ಪಾಲು ನನಗೆ ಬೇಡ ಅಂತ ತಂಗಿ ಬರೆದುಕೊಡುವುದು. ಸೀರೆ ಉಟ್ಟು, ಸಿಹಿ ಉಂಡು, ಸಹಿ ಹಾಕಿ ಬರುತ್ತೇವೆ. ಬಿಟ್ಟದ್ದು ಏನು, ಎಷ್ಟು ಅಂತ ಕೇಳುವುದೂ ಇಲ್ಲ. ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದಲ್ಲ?

“ಮೊದಲ ನೀ ಸಹಿ ಮಾಡ. ಆಮ್ಯಾಲ ಉತಾರದಾಗಿಂದ ಅಪ್ಪನ ಹೆಸರ ತಗಸೂಣು,” ಅಂದ.

“ಅಲ್ಲೀತನಾ ಅಪ್ಪ ಜೀವಂತ ಇರಬೇಕೇನಣ್ಣಾ?”

“ವಕೀಲ ಆಗಿಬಿಟ್ಟಿಯಲ್ಲ! ನನ್ನ ಮ್ಯಾಲ ಭರೋಸಾ ಇಲ್ಲೇನ?”

“ಐತಿ. ಏನೇನ ಐತಿ ಅಷ್ಟ ಹೇಳಿಬಿಡ. ಗೊತ್ತಿಲ್ಲದ್ದನ್ನ ಹ್ಯಾಂಗ ಬಿಟ್ಟಕೊಡ್ಲಿ?”

ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಅವನ ಕಿಸೆಯಲ್ಲಿ ಶಹನಾಯಿ ಊದತೊಡಗಿತು. ಅಪ್ಪನ ರಿಂಗ್‌ಟೋನ್. ಅವನು ತೆಗೆಯಲಿಲ್ಲ. ನಾನೂ ತೆಗಿ ಅನ್ನಲಿಲ್ಲ. ಹಾಡಹಗಲು, ನಡುಮನೆಯಲ್ಲಿ, ಅದು ತಾನಾಗಿ ನಿಲ್ಲುವವರೆಗೂ ಅಣ್ಣ ತಂಗಿ ಇಬ್ಬರೂ ಅಪ್ಪನ ಮುಂದೆ ನಿಂತ ಹಾಗೆ ನಿಂತಿದ್ದೆವು.

ಸೀರೆ ವಾಪಸ್ ಕೊಟ್ಟೆ. ಅವನು ಚಹಾ ಕುಡಿಯದೆ ಹೋದ. ಆಮೇಲೆ ಫೋನಿಲ್ಲ, ಮಾತಿಲ್ಲ.

ಮೊನ್ನೆ ತಲಾಠಿ ಕಚೇರಿಯಲ್ಲಿ ಅರ್ಜಿ ಕೊಟ್ಟೆ. ಅವ್ವ ಮೊದಲೇ ತೀರಿಹೋಗಿದ್ದಾಳೆ, ವಾರಸರು ಅಂತ ಇರುವುದು ನಾವಿಬ್ಬರೇ. ಮೇಲೆ ಅಣ್ಣನ ಹೆಸರು ಬರೆದೆ, ಅದರ ಕೆಳಗೆ ನನ್ನದು.

ಅಷ್ಟೇ ಕೆಲಸ. ಅದಕ್ಕೆ ಹೆದರಿ ಅವನು ಒಂದು ವರ್ಷ ಅಪ್ಪನನ್ನು ಸಾಯಲಿಕ್ಕೇ ಬಿಡಲಿಲ್ಲವೇ?